ಹಳೆ ಜಾವಾ ಎಂಜಿನ್ ಬಿಚ್ಚಿದ್ದೀರಾ? ಒಣಗಿದ ಗಮ್ ಹೀಗೆ ತೆಗೆಯಿರಿ

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಗಾಡಿಗಳು ಮಾತ್ರ ಮೈಸೂರಿನಲ್ಲಿ ಇನ್ನೂ ಓಡುತ್ತಿವೆ. ಇಷ್ಟು ವರ್ಷಗಳಲ್ಲಿ ಒಂದೊಂದು ಎಂಜಿನ್ನನ್ನು ಎಷ್ಟು ಜನ ಬಿಚ್ಚಿದ್ದಾರೋ, ಜೋಡಿಸುವಾಗ ಯಾರು ಏನು ಮೆತ್ತಿದ್ದಾರೋ ಹೇಳುವುದು ಕಷ್ಟ. ಎರಡು ಅರ್ಧಗಳು ಸೇರಿ ಆದ ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸ್, ಬಿಡಿಸಿದರೆ ಪ್ಯಾಕಿಂಗ್ ಕೂರುವ ಜಾಗದಲ್ಲಿ ಕಂದು, ಬೂದು, ಕೆಂಪು ಬಣ್ಣದ ಗಮ್ಮಿನ ಪದರಗಳು ಕಾಣುತ್ತವೆ. ಬಹಳ ಜನ ಆಗ ಸ್ಕ್ರೂಡ್ರೈವರ್ ತಗೊಂಡು ಕೆರೆಯಲು ಶುರು ಮಾಡುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಆ ಕಾರ್ಖಾನೆಯ ಹಳೆ ಜಾವಾ, ಯೆಜ್ಡಿ ಎರಡೂ ಟೂ ಸ್ಟ್ರೋಕ್. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿನೊಳಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಬ್ಲಾಕಿಗೆ ಏರುತ್ತದೆ. ಎರಡು ಕೇಸ್ ಸೇರುವ ಅಂಚಿನಲ್ಲಿ ಒಂದು ಆಳವಾದ ಗೀರು ಬಿದ್ದರೂ ಅಲ್ಲಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಗಾಳಿ ಜಾಸ್ತಿಯಾದರೆ ಎಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಕ್ಕಿಕೊಂಡು ನಿಲ್ಲುತ್ತದೆ. ಗೇರ್ ಬಾಕ್ಸ್ ಕಡೆ ಸೋರಿಕೆ ಇದ್ದರೆ ಗೇರ್ ಆಯಿಲ್ ಕ್ರ್ಯಾಂಕ್ ಕೋಣೆಗೆ ಇಳಿದು ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಹಾಗಾಗಿ ಗಮ್ ಸ್ವಲ್ಪ ಉಳಿದರೂ ಚಿಂತೆಯಿಲ್ಲ, ಮತ್ತೆ ತೆಗೆಯಬಹುದು. ಲೋಹಕ್ಕೆ ಗೀರು ಬಿದ್ದರೆ ಅದು ಹೋಗುವುದಿಲ್ಲ.

ಮೊದಲು ಬೇರಿಂಗ್, ಆಯಿಲ್ ಸೀಲ್, ರಬ್ಬರಿನ ಭಾಗ ಎಲ್ಲಾ ತೆಗೆಯಿರಿ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಜಿಡ್ಡು ತೊಳೆದು, ಸೋಪಿನ ನೀರು ಹಾಕಿ ಒಣಗಿಸಿ. ಜಿಡ್ಡಿನ ಕೆಳಗಿರುವುದು ಯಾವ ಗಮ್ ಅಂತ ಆಗ ಗೊತ್ತಾಗುತ್ತದೆ. ಉಗುರಿನಿಂದ ಒತ್ತಿ ನೋಡಿ. ರಬ್ಬರಿನಂತೆ ಬಾಗಿದರೆ ಸಿಲಿಕಾನ್. ಕಂದು ಬಣ್ಣದ, ಗಾಜಿನಂತೆ ಹೊಳೆಯುವ, ಚಕ್ಕೆ ಚಕ್ಕೆಯಾಗಿ ಏಳುವ ಪದರ ಇದ್ದರೆ ಹತ್ತಿಗೆ ಸ್ಪಿರಿಟ್ ತಾಗಿಸಿ ಉಜ್ಜಿ. ಹತ್ತಿ ಕಂದಾದರೆ ಅದು ಶೆಲ್ಲಾಕ್. ಉಗುರು ಒತ್ತಿದರೂ ಜಗ್ಗದ ಬೂದು ಅಥವಾ ಹಳದಿ ಗಟ್ಟಿ ಮುದ್ದೆ ಇದ್ದರೆ ಎಪಾಕ್ಸಿ. ಎಂ-ಸೀಲ್, ಅರಾಲ್ಡೈಟ್ ಜಾತಿಯದ್ದು. ಬೋಲ್ಟಿನ ಮರೆಯಲ್ಲಿ (ಥ್ರೆಡ್‌ನಲ್ಲಿ) ಪುಡಿಪುಡಿಯಾಗಿ ಕೆಂಪೋ ನೀಲಿಯೋ ಸಿಕ್ಕರೆ ಥ್ರೆಡ್ ಲಾಕರ್, ಬೋಲ್ಟ್ ಸಡಿಲವಾಗದಂತೆ ಹಾಕುವ ಅಂಟು.

ಶೆಲ್ಲಾಕ್ ಬಲು ಸುಲಭ. ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧ ಗಂಟೆ ಬಿಡಿ. ಒರೆಸಿದರೆ ಬರುತ್ತದೆ. ಬರದಿದ್ದರೆ ಇನ್ನೊಂದು ಸಲ.

ಸಿಲಿಕಾನ್ ಸ್ವಲ್ಪ ಮೊಂಡು. ಒಣಗಿದ ಮೇಲೆ ಅದು ಪೆಟ್ರೋಲ್, ಟರ್ಪೆಂಟೈನ್ ಯಾವುದಕ್ಕೂ ಕರಗುವುದಿಲ್ಲ, ಆದರೆ ಉಬ್ಬುತ್ತದೆ. ಉಬ್ಬಿದಾಗ ಲೋಹದ ಮೇಲಿನ ಹಿಡಿತ ಸಡಿಲವಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್‌ನಲ್ಲಿ ಬಟ್ಟೆ ನೆನೆಸಿ ಕೆಲವು ಗಂಟೆ ಮುಚ್ಚಿಡಿ, ಆಮೇಲೆ ಕೆರೆಯಿರಿ. ಪೆಟ್ರೋಲ್ ಬೇಡ, ಅದೂ ಮನೆಯೊಳಗೆ ಬೇಡವೇ ಬೇಡ. ಕೆರೆಯಲು ನನ್ನ ಮಟ್ಟಿಗೆ ಬಿದಿರಿಗಿಂತ ಒಳ್ಳೆಯ ಸಾಧನ ಇಲ್ಲ. ಬಂಬೂ ಬಜಾರಿನಲ್ಲಿ ಒಂದು ಸೀಳು ಕೇಳಿ ತಂದು, ತುದಿಯನ್ನು ಉಳಿಯಂತೆ ಚೂಪು ಮಾಡಿ. ಅಲ್ಯೂಮಿನಿಯಂಗೆ ಗೀರು ಬೀಳುವುದಿಲ್ಲ, ಮೊಂಡಾದರೆ ಮತ್ತೆ ಕೆತ್ತಿಕೊಳ್ಳಬಹುದು. ಕೊನೆಯ ತೆಳು ಪದರವನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸಣ್ಣ ಸಣ್ಣ ಬತ್ತಿಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ. ಅದನ್ನು ಸುಮ್ನೆ ಬಿಡಬೇಡಿ. ಸಿಲಿಕಾನ್ ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ, ಬೇರೆ ಜಾತಿಯ ಗಮ್ಮೂ ಕೂರುವುದಿಲ್ಲ.

ಎಪಾಕ್ಸಿ ಇದ್ದರೆ ಒಂದು ಮಾತು. ಯಾಕೆ ಹಾಕಿದ್ದಾರೆ ಅಂತ ಮೊದಲು ನೋಡಿ. ಚೈನ್ ಕಡಿದು ಕೇಸ್ ಒಡೆದಿರಬಹುದು, ಡ್ರೈನ್ ಬೋಲ್ಟಿನ ಮರೆ ಹೋಗಿರಬಹುದು. ಹಾಗಿದ್ದರೆ ತೆಗೆಯುವ ಮುಂಚೆಯೇ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡುವವರನ್ನು ಹುಡುಕಿಕೊಳ್ಳಿ. ತೆಗೆಯುವುದಕ್ಕೆ ಬಿಸಿಯೇ ಮದ್ದು. ಹೀಟ್ ಗನ್ನನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಕಾಯಿಸಿ. ಪಕ್ಕದ ಲೋಹದ ಮೇಲೆ ಒಂದು ಹನಿ ನೀರು ಬಿಟ್ಟಾಗ ಚುಂಯ್ ಅಂದರೆ 100 ಡಿಗ್ರಿ ದಾಟಿದೆ ಅಂತ ಲೆಕ್ಕ. ಸಾಮಾನ್ಯ ಎಪಾಕ್ಸಿ ಆ ಬಿಸಿಗೆ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಬಿದಿರು ಅಥವಾ ಹಿತ್ತಾಳೆ ಪಟ್ಟಿಯಿಂದ ಎಬ್ಬಿಸಿ. ಸ್ಪಿರಿಟ್, ಟರ್ಪೆಂಟೈನ್ ತಾಗಿದ ಭಾಗಕ್ಕೆ ಹೀಟ್ ಗನ್ ಹಿಡಿದರೆ ಬೆಂಕಿ ಹತ್ತೀತು. ಮೊದಲು ತೊಳೆದು, ಪೂರ್ತಿ ಒಣಗಿಸಿ.

ಅದಕ್ಕೂ ಬಗ್ಗದಿದ್ದರೆ ಪೇಂಟ್ ರಿಮೂವರ್. ಬಯಲಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಬಳಸಿ. ಕೆಲವು ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ, ಅದು ತೆಳು ನೈಟ್ರೈಲ್ ಗ್ಲೌಸನ್ನು ನಿಮಿಷಗಳಲ್ಲಿ ದಾಟುತ್ತದೆ. ದಪ್ಪ ಕೆಮಿಕಲ್ ಗ್ಲೌಸ್, ಕನ್ನಡಕ ಎರಡೂ ಬೇಕು.

ಥ್ರೆಡ್ ಲಾಕರ್ ಹಾಕಿದ ಸ್ಟಡ್ (ತಲೆಯಿಲ್ಲದ ಬೋಲ್ಟ್) ಜಗ್ಗದಿದ್ದರೆ ಕೇಸಿಗೆ ಬೆಂಕಿ ಕೊಡಬೇಡಿ. ಕೆಂಪು ಜಾತಿಯದ್ದು ಬಿಡಬೇಕಾದರೆ ಸುಮಾರು 250 ಡಿಗ್ರಿ ಬೇಕು. ದಪ್ಪ ಮೊನೆಯ ಸೋಲ್ಡರಿಂಗ್ ಐರನ್ನನ್ನು ಸ್ಟಡ್ಡಿನ ತುದಿಗೇ ಒತ್ತಿ ಹಿಡಿದು, ಬಿಸಿಯಾಗಿರುವಾಗಲೇ ತಿರುಗಿಸಿ. ಆರಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

ಮಾಡಲೇಬಾರದ ಕೆಲವು ಇವೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಟಾಯ್ಲೆಟ್ ತೊಳೆಯುವ ಆಸಿಡ್ಡೂ ಅಷ್ಟೇ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಚಕ್ರದಿಂದ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಅದರಿಂದ ಉದುರುವ ಪುಡಿ ಸಂದಿಗಳಲ್ಲಿ ಕೂತು ಹೊಸ ಬೇರಿಂಗನ್ನು ಸವೆಸುತ್ತದೆ. ಕೇಸಿನ ಅಂಚಿಗೆ ಎಮರಿ ಪೇಪರ್ ಹಾಕುವವರೂ ಇದ್ದಾರೆ. ಎರಡೂ ಅರ್ಧಗಳು ಜೋಡಿ. ಒಂದು ಕಡೆ ಉಜ್ಜಿ ತೆಳುವಾದರೆ ಕ್ರ್ಯಾಂಕ್ ಆಡುವ ಜಾಗದ ಅಳತೆಯೇ ಬದಲಾಗುತ್ತದೆ.

ಎಲ್ಲಾ ಮುಗಿದ ಮೇಲೆ ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ತೂತುಗಳಿಗೆ ತಂತಿ ಹಾಕಿ, ಗಾಳಿ ಹೊಡೆಯಿರಿ. ಹಳೆ ಗಮ್ಮಿನ ಚೂರು ಅಲ್ಲಿ ಅಡಗಿರುವುದು ಮಾಮೂಲು. ಅಂಚನ್ನು ಸ್ಪಿರಿಟ್‌ನಿಂದ ಒರೆಸಿ, ದಪ್ಪ ಗಾಜಿನ ಮೇಲೆ ಬೋರಲು ಹಾಕಿ. ಎಲ್ಲಾದರೂ ಅಲುಗಾಡಿದರೆ, ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿದರೆ, ಮೆಷಿನ್ ಶಾಪಿನವರಿಗೆ ತೋರಿಸಿ. ಹೊಸ ಗಮ್ ಹಚ್ಚುವಾಗ ತೆಳುವಾಗಿ ಸವರಿ. ಬೋಲ್ಟ್ ಬಿಗಿ ಮಾಡಿದಾಗ ಹೊರಗೆ ಎಷ್ಟು ಉಕ್ಕಿ ಬಂತೋ ಒಳಗೂ ಅಷ್ಟೇ ಉಕ್ಕಿರುತ್ತದೆ, ಹೊರಗಿನದನ್ನು ಒರೆಸಬಹುದು, ಒಳಗಿನದನ್ನು ಒರೆಸುವುದಕ್ಕೆ ಆಗಲ್ಲ ಅಲ್ವಾ?