ಫ್ಯಾಟಿ ಲಿವರ್ ಇದ್ದವರಲ್ಲಿ ಕ್ಯಾನ್ಸರ್ ಗಂಟು: ಯಾವ ಸ್ಕ್ಯಾನ್, ಯಾವಾಗ, ರಿಪೋರ್ಟಿನಲ್ಲಿ ಏನು ನೋಡಬೇಕು

ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ 'ಗಂಟು ಕಾಣಲಿಲ್ಲ' ಎಂದಿದ್ದರೆ, ಲಿವರ್ ಎಷ್ಟು ಕಂಡಿತು ಎಂದು ಬರೆದಿದ್ದಾರೆಯೇ ನೋಡಿ. ಕೊಬ್ಬು ತುಂಬಿದ ಲಿವರ್ ಶಬ್ದದ ಅಲೆಗಳನ್ನು ಒಳಕ್ಕೆ ಹೋಗಗೊಡುವುದಿಲ್ಲ. ಮುಂಭಾಗ ಬೆಳ್ಳಗೆ ಹೊಳೆಯುತ್ತದೆ, ಹಿಂಭಾಗ ಮತ್ತು ವಪೆಗೆ (ಎದೆ-ಹೊಟ್ಟೆ ನಡುವಿನ ಸ್ನಾಯುಪದರ, ಡಯಾಫ್ರಾಮ್) ತಾಗಿದ ಭಾಗ ಕತ್ತಲಲ್ಲೇ ಉಳಿಯುತ್ತವೆ. ಲಿವರ್ ಎಷ್ಟು ಕಂಡಿತು ಎಂಬುದಕ್ಕೆ ಎ, ಬಿ, ಸಿ ಎಂಬ ದರ್ಜೆಗಳಿವೆ. 'ಸಿ' ಎಂದರೆ ಅರ್ಧಕ್ಕಿಂತ ಹೆಚ್ಚು ಲಿವರ್ ಅಥವಾ ವಪೆ ಕಂಡಿಲ್ಲ. ಅಂಥವರಿಗೆ ಮತ್ತೆ ಮತ್ತೆ ಅದೇ ಅಲ್ಟ್ರಾಸೌಂಡ್ ಮಾಡಿಸುವುದು ವ್ಯರ್ಥ. ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ.

ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆಗಿದ್ದರೆ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರಬಲ್ಲ ಒಂದು ಪ್ರೋಟೀನ್) ರಕ್ತಪರೀಕ್ಷೆ. ಗಂಟು 10 ಮಿ.ಮೀ.ಗಿಂತ ಚಿಕ್ಕದಾದರೆ 3ರಿಂದ 6 ತಿಂಗಳೊಳಗೆ ಮತ್ತೆ ನೋಡಬೇಕು. 10 ಮಿ.ಮೀ. ಮುಟ್ಟಿದರೆ, ಅಥವಾ ಎಎಫ್‌ಪಿ ಮಿ.ಲೀ.ಗೆ 20 ನ್ಯಾನೋಗ್ರಾಂ ಮುಟ್ಟಿದರೆ, ಹಲವು ಹಂತದ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್.

ಇಲ್ಲಿ 'ಕಾಂಟ್ರಾಸ್ಟ್ ಸಿಟಿ' ಎಂದಷ್ಟೇ ಚೀಟಿ ಬರೆದರೆ ಸಾಲದು; 'ಟ್ರಿಪಲ್ ಫೇಸ್' ಎಂದು, ಅಂದರೆ ಕಾಂಟ್ರಾಸ್ಟ್ ಔಷಧ ಕೊಟ್ಟ ಮೇಲೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆಯಲು, ಇರಲೇಬೇಕು. ಆರೋಗ್ಯವಾದ ಲಿವರಿಗೆ ರಕ್ತದ ಮುಕ್ಕಾಲು ಪಾಲು ಪೋರ್ಟಲ್ ನಾಳದಿಂದ (ಕರುಳಿನ ಕಡೆಯಿಂದ ರಕ್ತ ತರುವ ನಾಳ) ಬರುತ್ತದೆ, ಕ್ಯಾನ್ಸರ್ ಗಂಟಿಗೆ ಮುಖ್ಯವಾಗಿ ಅಪಧಮನಿಯಿಂದ. ಆದ್ದರಿಂದ ಔಷಧ ಹೋದ 35–40 ಸೆಕೆಂಡಿಗೆ ಗಂಟು ಹೊಳೆಯುತ್ತದೆ. 60–80 ಸೆಕೆಂಡಿನ ಮತ್ತು 3–5 ನಿಮಿಷದ ಚಿತ್ರಗಳಲ್ಲಿ ಸುತ್ತಲಿನ ಲಿವರಿಗಿಂತ ಕಪ್ಪಾಗುತ್ತದೆ. ಇದೇ 'ವಾಷ್‌ಔಟ್'. ಔಷಧ ಸೆಕೆಂಡಿಗೆ 3–5 ಮಿ.ಲೀ. ವೇಗದಲ್ಲಿ ಹೋಗಬೇಕು, ಹಾಗಾಗಿ ಮೊಣಕೈ ಮಡಿಕೆಯ ದೊಡ್ಡ ರಕ್ತನಾಳಕ್ಕೆ 18 ಅಥವಾ 20 ಗೇಜ್ ಸೂಜಿಯೇ ಲೇಸು. ಸಕ್ಕರೆ ಕಾಯಿಲೆಯವರು ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ರಿಪೋರ್ಟ್ ತರಬೇಕು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಎಂಆರ್‌ಐ ಆದರೆ 15–20 ಸೆಕೆಂಡ್ ಉಸಿರು ಹಿಡಿಯುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ. ಅಪಧಮನಿ ಹಂತದಲ್ಲಿ ಅಲುಗಾಡಿದರೆ ಆ ಕ್ಷಣ ಮತ್ತೆ ಸಿಗದು.

ಸ್ಕ್ಯಾನ್ ಓದುವ ವೈದ್ಯರು ಹೆಚ್ಚಾಗಿ ಎಡವುವುದು ವಾಷ್‌ಔಟ್ ವಿಚಾರದಲ್ಲೇ. ಕೊಬ್ಬಿನಿಂದ ಲಿವರೇ ಸಿಟಿಯಲ್ಲಿ ಕಪ್ಪಾಗಿರುವಾಗ, ಹೊಳಪು ಇಳಿದ ಗಂಟು ಅದಕ್ಕಿಂತ ಕಪ್ಪಾಗಿ ಕಾಣುವುದಾದರೂ ಹೇಗೆ? ಕೊಬ್ಬಿನ ಸಿಗ್ನಲ್ ಅಳಿಸಿ ತೆಗೆದ ಎಂಆರ್‌ಐ ಚಿತ್ರಗಳಲ್ಲೂ ಇದೇ ತೊಡಕು. 'ವಾಷ್‌ಔಟ್ ಇಲ್ಲ' ಎಂದು ಬರೆಯುವ ಮುನ್ನ ಔಷಧ ಕೊಡದ ಚಿತ್ರದ ಜೊತೆ ಹೋಲಿಸಬೇಕು, ಎಂಆರ್‌ಐಯ ಡಿಫ್ಯೂಷನ್ ಮತ್ತು ಟಿ2 ಎಂಬ ಬಗೆಯ ಚಿತ್ರಗಳನ್ನೂ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಪಿತ್ತಕೋಶದ ಪಕ್ಕ ಕೊಬ್ಬು ಸೇರದೆ ಉಳಿದ ತುಣುಕು ಗಂಟಿನಂತೆ ಕಂಡು ಹೆದರಿಸುತ್ತದೆ. ಅದರೊಳಗೆ ರಕ್ತನಾಳಗಳು ಬಾಗದೆ ನೇರವಾಗಿ ಹಾದುಹೋಗುತ್ತವೆ, ಗುರುತು ಅದೇ.

ರಿಪೋರ್ಟಿನಲ್ಲಿ 'ಎಲ್‌ಆರ್-5' ಎಂದಿದ್ದರೆ, ಸಿರೋಸಿಸ್ ಇರುವವರಲ್ಲಿ ಬಯಾಪ್ಸಿ ಇಲ್ಲದೆಯೂ ಕ್ಯಾನ್ಸರ್ ಎಂದು ತೀರ್ಮಾನಿಸಬಹುದು. ಆದರೆ ಈ ದರ್ಜೆ ಕೊಡುವ ಲೈ-ರಾಡ್ಸ್ (ಲಿವರ್ ಗಂಟುಗಳನ್ನು ಸ್ಕ್ಯಾನಿನಲ್ಲಿ ವರ್ಗೀಕರಿಸುವ ಪದ್ಧತಿ) ಲೆಕ್ಕ ಸಿರೋಸಿಸ್ ಇಲ್ಲದ ಫ್ಯಾಟಿ ಲಿವರಿಗೆ ಅನ್ವಯಿಸುವುದಿಲ್ಲ. ಫ್ಯಾಟಿ ಲಿವರಿನಲ್ಲಿ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರುತ್ತದೆ. ಕ್ಯಾನ್ಸರ್ ಅಲ್ಲದ ಅಡಿನೋಮಾ ಕೂಡ ಹಾಗೇ ಹೊಳೆದು ಕಪ್ಪಾಗಬಲ್ಲದು. ಅಂಥವರಿಗೆ ಬಯಾಪ್ಸಿಯೇ ದಾರಿ. ಸೂಜಿ ಹಾಕುವಾಗ ಗಂಟಿನಿಂದ ದೂರದ ಲಿವರಿನಿಂದಲೂ ಒಂದು ಚೂರು ತೆಗೆಯಲು ಕೇಳಿ: ಸಿರೋಸಿಸ್ ನಿಜಕ್ಕೂ ಇದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.