ಮೂರರ ಟ್ಯೂಬ್ ಬಿಟ್ಟೆ, ಗಿರಾಕಿ ಬಿಡಲಿಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಮೆಡಿಕಲ್ ಶಾಪ್ ಇಟ್ಟವನಿಗೆ ಬೇಸಿಗೆಯಲ್ಲಿ ಹುಳುಕಡ್ಡಿಯೇ ಅರ್ಧ ವ್ಯಾಪಾರ. ಹೊಟ್ಟು ಉರಿಯುವ ಒಲೆ, ಕಾದ ಮರಳು, ಇಡೀ ದಿನ ಬೆವರಲ್ಲಿ ನೆನೆದ ಚಡ್ಡಿ. ಬಂದವರೆಲ್ಲ ಕೇಳೋದು ಒಂದೇ, ಸ್ಟೀರಾಯ್ಡ್, ಆಂಟಿಬಯಾಟಿಕ್, ಆಂಟಿಫಂಗಲ್ ಮೂರೂ ಕಲಸಿದ ಟ್ಯೂಬ್. ಚೀಟಿ ಇಲ್ಲದೆ ಅದನ್ನು ಕೊಡೋದನ್ನು ನಾನು ಬಂದ್ ಮಾಡಿದೆ. ಪಕ್ಕದ ಬೀದಿಯ ಅಂಗಡಿಯವರು, ನನಗಿಂತ ಹಿರಿಯರು, "ಆರು ತಿಂಗಳಲ್ಲಿ ಶಟರ್ ಎಳೀತೀಯ ತಮ್ಮಾ" ಅಂದರು. ಶಟರ್ ಇವತ್ತಿಗೂ ಮೇಲೇ ಇದೆ. ಅದಕ್ಕೇ ನನ್ನಂಥ ಮೆಡಿಕಲ್ ಅಂಗಡಿಯವರಿಗೆ ಇದನ್ನು ಬರೆಯುತ್ತಿದ್ದೇನೆ.

ಸ್ಟೀರಾಯ್ಡ್ ಮುಲಾಮು 2018ರಲ್ಲೇ ಶೆಡ್ಯೂಲ್ ಎಚ್‌ಗೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ, ಬಂತು. ಕಾನೂನು ಎಲ್ಲರಿಗೂ ಗೊತ್ತು, ಕೌಂಟರ್ ಮೇಲೆ ಏನು ನಡೆಯುತ್ತೆ ಅನ್ನೋದೂ ಗೊತ್ತು. ಎರಡು ದಿನಕ್ಕೆ ನವೆ ನಿಲ್ಲುತ್ತೆ, ಗಿರಾಕಿ ಖುಷಿ. ಒಳಗೆ ಹುಳುಕಡ್ಡಿ ಹರಡುತ್ತಲೇ ಇರುತ್ತೆ. ವರ್ಷಗಟ್ಟಲೆ ಹಚ್ಚಿದವರ ತೊಡೆಸಂದಿನಲ್ಲಿ ಬಸುರಿಯ ಹೊಟ್ಟೆ ಮೇಲಿರುವಂಥ ಗೆರೆಗಳು ಬಿದ್ದಿರುತ್ತವೆ. ಅವು ಹೋಗಲ್ಲ.

ಬಿಟ್ಟ ಹೊಸದರಲ್ಲಿ ಗಲ್ಲಾ ತಿಂಗಳಿಗೆ 7-8 ಸಾವಿರ ಇಳಿಯಿತು. ಆ ಟ್ಯೂಬಿಗೆ ಸ್ಕೀಮ್, ಅಂದರೆ ಕಂಪನಿ ನಮಗೆ ಬಿಡೋ ಹೆಚ್ಚಿನ ಲಾಭ, ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಅದರ ಜಾಗದಲ್ಲಿ ಬರೀ ಆಂಟಿಫಂಗಲ್ ಇರುವ ಟೆರ್ಬಿನಾಫಿನ್ 1% ಕ್ರೀಮ್ ಕೊಟ್ಟೆ. ಮೊದಲೆಲ್ಲ ಅದರ ಹೆಸರು ಚೆನ್ನಾಗಿತ್ತು. ಈಗ ಸುಮಾರು ಜನರಿಗೆ ಹಿಡಿಯುತ್ತಲೇ ಇಲ್ಲ. 2020ರಲ್ಲಿ ಟ್ರೈಕೊಫೈಟನ್ ಇಂಡೋಟಿನಿಯೇ ಅಂತ ಹೆಸರಿಟ್ಟರಲ್ಲ, ಆ ಫಂಗಸ್ಸಿನ ಎಷ್ಟೋ ತಳಿಗಳು ಟೆರ್ಬಿನಾಫಿನ್‌ಗೆ ಬಗ್ಗಲ್ಲ. ಆಮೇಲೆ ಇನ್ನೊಂದು ಆಂಟಿಫಂಗಲ್, ಲುಲಿಕೊನಜೋಲ್. ದಿನಕ್ಕೊಂದೇ ಸಲ, ಕೆಲಸವೂ ಒಳ್ಳೆಯದು. ಆದರೆ 30 ಗ್ರಾಂಗೆ ಹೆಚ್ಚೂಕಮ್ಮಿ 300 ರೂಪಾಯಿ. ಅಷ್ಟು ಕೊಟ್ಟವನು ಅದನ್ನು ಅಕ್ಕಿಕಾಳಿನಷ್ಟು ಹಚ್ಚಿ ತಿಂಗಳು ಪೂರ್ತಿ ಉಳಿಸುತ್ತಾನೆ! ವಾಸಿಯಾಗೋದು ಎಲ್ಲಿಂದ?

ಅಲ್ಲಿಗೆ ಎಷ್ಟು ಹಚ್ಚಬೇಕು ಅನ್ನೋ ಲೆಕ್ಕ ಶುರು ಮಾಡಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಅರ್ಧ ಗ್ರಾಂ, ಬೆರಳೂ ಸೇರಿದ ಎರಡು ಅಂಗೈ ಅಗಲಕ್ಕೆ ಸಾಕು. ಎರಡೂ ತೊಡೆಸಂದು, ಪಿರ್ರೆ ಸೇರಿ ನಾಲ್ಕು ಅಂಗೈ ಅಂದುಕೊಳ್ಳಿ. ಸಲಕ್ಕೆ 1 ಗ್ರಾಂ, ದಿನಕ್ಕೆ ಎರಡು ಸಲ ಹಚ್ಚಿದರೆ 2 ಗ್ರಾಂ. ಹಾಗಾದರೆ 15 ಗ್ರಾಂ ಟ್ಯೂಬ್ ಒಂದು ವಾರಕ್ಕೆ ಖಾಲಿ. ನಾಲ್ಕು ವಾರಕ್ಕೆ ನಾಲ್ಕು ಟ್ಯೂಬ್. ನಾವು ಒಂದು ಕೊಟ್ಟು ಕಳಿಸುತ್ತೇವೆ, ಅಲ್ವಾ? ಈಗ ಗಿರಾಕಿಯ ಬೆರಳಿನ ಮೇಲೇ ಹಿಂಡಿ ತೋರಿಸುತ್ತೇನೆ. "ಇಷ್ಟೊಂದಾ ಅಣ್ಣಾ?" ಅಂತ ಕಣ್ಣರಳಿಸದವರೇ ಇಲ್ಲ. ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೆ, ಕಲೆ ಮಾಯವಾದ ಮೇಲೂ ಎರಡು ವಾರ. ದುಬಾರಿ ಟ್ಯೂಬ್ ಅಲ್ಲ, ಸಾದಾ ಆಂಟಿಫಂಗಲ್ ಕ್ರೀಮ್ ಕ್ಲೋಟ್ರಿಮಜೋಲ್ 1%. ಹಳೇದು ಅಂತ ಎಲ್ಲರೂ ಮೂಗು ಮುರಿದಿದ್ದು ಇದಕ್ಕೇ.

ಕೈಕೊಡೋದು ಮೊದಲ ವಾರ. ಮೂರರ ಟ್ಯೂಬ್ ನಿಲ್ಲಿಸಿದ ತಕ್ಷಣ ಕೆಂಪಾಗಿ ಉರಿ, ನವೆ ಜಾಸ್ತಿಯಾಗುತ್ತೆ. "ನಿಮ್ಮ ಔಷಧಿಗೇ ಹೆಚ್ಚಾಯ್ತು ನೋಡ್ರಿ" ಅಂತ ಜಗಳಕ್ಕೆ ಬಂದವರಿದ್ದಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಜೊತೆಗೆ ರಾತ್ರಿಗೆ ನವೆ ಕಮ್ಮಿ ಮಾಡೋ ಸೆಟಿರಿಜಿನ್ ಗುಳಿಗೆ. ಎರಡನೇ ವಾರ ಕಳೆದರೆ ಗೆದ್ದ ಹಾಗೆ. ಆರಾಮಾಯ್ತು ಅಂತ ಬಿಟ್ಟುಬಿಡುವವನನ್ನು ಮೂರನೇ ಟ್ಯೂಬಿಗೆ ವಾಪಸ್ ಕರೆಸೋದು ಹೇಗೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಅಂಗಡಿಯ ಬಂಡವಾಳ.

ಇನ್ನು ಉಡದಾರ. ಸೊಂಟದ ಸುತ್ತ ದಾರದ ಗುಂಟ ಸಾಲಾಗಿ ಕಲೆ ಇದ್ದವರು ಎಷ್ಟು ಹಚ್ಚಿದರೂ ತಿರುಗಿ ಬರುತ್ತಿದ್ದರು. ದಾರ ಮುಟ್ಟಿ ನೋಡಿದರೆ ಬೆವರು ಕುಡಿದು ಗಟ್ಟಿಯಾಗಿ, ಕಪ್ಪಗಾಗಿರುತ್ತೆ. ಬಿಚ್ಚು ಅಂದರೆ ಕೇಳಲ್ಲ, ಗಂಡಸು ಉಡದಾರ ಇಲ್ಲದೆ ಇರ್ತಾನಾ! ರಾಜಿ ಮಾಡಿಕೊಂಡೆ. ಶುರುವಿಗೆ ಹೊಸದು ಕಟ್ಟು, ಹಳೇದು ಒಲೆಗೆ ಹಾಕು, ಔಷಧಿ ಮುಗಿದ ದಿನ ಇನ್ನೊಂದು. ಹತ್ತು ರೂಪಾಯಿ ದಾರ. ಇದರಿಂದ ಆದ ಗುಣ ಯಾವ ಕ್ರೀಮಿನಿಂದಲೂ ಆಗಿಲ್ಲ.

ಪೌಡರ್ ಪ್ರಯೋಗವೂ ಮಾಡಿದೆ. ಭಟ್ಟಿಯ ಬೆವರಿಗೆ ಅದು ಕಲಸಿದ ಹಿಟ್ಟಾಗಿ ಸಂದಿನಲ್ಲಿ ಕೂರುತ್ತೆ, ದಂಡ. ಸ್ಯಾಲಿಸಿಲಿಕ್, ಬೆಂಜೊಯಿಕ್ ಇರುವ ಹಳೇ ವಿಟ್‌ಫೀಲ್ಡ್ ಮುಲಾಮು ಅಂಗಾಲಿಗೆ ಪರವಾಗಿಲ್ಲ, ತೊಡೆಸಂದಿಗೆ ಹಚ್ಚಿದವನು ಕುಣಿದ. ಬಟ್ಟೆಯದ್ದು ಬೇರೆ ಕಥೆ. ಭತ್ತ ನೆನೆಸೋಕೆ ಬಿಸಿನೀರು ಹೇಗೂ ಕಾಯಿಸುತ್ತಾರೆ, ಅದರಲ್ಲಿ ಒಂದು ಬಕೆಟ್ ತಗೊಂಡು ಚಡ್ಡಿ, ಟವೆಲ್ ಅದ್ದಿ ಅಂದೆ. ಭಟ್ಟಿಯ ಹೆಂಗಸರು ಉಗಿದರು. ಬಕೆಟ್ ಬೇರೆ ಇಟ್ಟ ಮೇಲೆ ಸುಮ್ಮನಾದರು. ಅರವತ್ತು ಡಿಗ್ರಿ ನೀರು, ಆಮೇಲೆ ಬಿಸಿಲು. ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೇ ಔಷಧಿ, ಇಲ್ಲದಿದ್ದರೆ ನಾಲ್ಕು ಟ್ಯೂಬಿನ ದುಡ್ಡು ನೀರುಪಾಲು.

ತಲೆ, ಉಗುರು, ಮುಖ, ಮೈಪೂರ್ತಿ ಹರಡಿದ್ದು, ಬಸುರಿಯರು, ಚಿಕ್ಕ ಮಕ್ಕಳು, ಶುಗರ್ ಇರುವವರು, ಇವರನ್ನೆಲ್ಲ ಸೀದಾ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಾಲ್ಕು ವಾರಕ್ಕೂ ಬಗ್ಗದವರನ್ನೂ ಅಷ್ಟೇ. ಗುಳಿಗೆ ಬೇಕೋ ಬೇಡವೋ ಅವರೇ ನೋಡಿಕೊಳ್ಳಲಿ.

ಗಲ್ಲಾ ಒಂದು ವರ್ಷದೊಳಗೆ ಮೊದಲಿನ ಮಟ್ಟಕ್ಕೆ ಬಂತು. ಒಂದು ಟ್ಯೂಬ್ ಒಯ್ಯುತ್ತಿದ್ದವರು ನಾಲ್ಕು ಒಯ್ಯುತ್ತಾರೆ, ಮನೆಯವರಿಗೂ ಒಯ್ಯುತ್ತಾರೆ. ಶಟರ್ ಎಳೀತೀಯ ಅಂದವರು ಮೊನ್ನೆ ಹುಡುಗನನ್ನು ಕಳಿಸಿ ನನ್ನ ಬೆರಳಿನ ಲೆಕ್ಕದ ಚೀಟಿ ತರಿಸಿಕೊಂಡರು. ಈ ಬೇಸಿಗೆಗೆ ಕ್ಲೋಟ್ರಿಮಜೋಲ್ 30 ಗ್ರಾಂನದು ಜಾಸ್ತಿ ತರಿಸಬೇಕು ಅಂತಿದ್ದೇನೆ. ಸಗಟು ಮಾಲು ಕೊಡೋ ಸ್ಟಾಕಿಸ್ಟ್ ಇನ್ನೂ ಉದ್ರಿಗೆ ಒಪ್ಪಿಲ್ಲ.