ಬಚ್ಚಲ ಹಂಡೆಯ ನೀರಿನಲ್ಲಿ ಉಣ್ಣೆಯ ಸಿಂಬೆ: ಹೆಣೆದದ್ದನ್ನು ಫೆಲ್ಟ್ ಮಾಡುವ ಬಗೆ

ಹೆಣಿಗೆಯಲ್ಲಾಗಲಿ ಕ್ರೋಶಾದಲ್ಲಾಗಲಿ (ಒಂದೇ ಕೊಕ್ಕೆಕಡ್ಡಿಯಿಂದ ಹೆಣೆಯುವ ಬಗೆ) ಮಾಡಿದ ಉಣ್ಣೆಯ ವಸ್ತುವನ್ನು ಬಿಸಿ ಸಾಬೂನು ನೀರಿನಲ್ಲಿ ತಿಕ್ಕಿ, ಬೇಕೆಂದೇ ಕುಗ್ಗಿಸಿ, ಹೆಣಿಗೆಯ ಕುಣಿಕೆಗಳು ಕಾಣದಂತಹ ದಪ್ಪ ಬಟ್ಟೆಯಾಗಿಸುವುದಕ್ಕೆ ಫೆಲ್ಟಿಂಗ್ ಎನ್ನುತ್ತಾರೆ. ಕಾರವಾರದ ಸೆಕೆಯಲ್ಲಿ ಸ್ವೆಟರಿಗೆ ಕೆಲಸವಿಲ್ಲ, ಶಿರಸಿಯಲ್ಲೂ ಅದು ಚಳಿಗಾಲದ ಕೆಲವು ಬೆಳಗುಗಳಿಗಷ್ಟೇ ಬೇಕು. ಆದ್ದರಿಂದ ನಮ್ಮ ಕಡೆಯವರು ಈ ವಿದ್ಯೆಯನ್ನು ಅಡುಗೆಮನೆಯ ವಸ್ತುಗಳ ಮೇಲೆ ಪ್ರಯೋಗಿಸುವುದೇ ಸರಿ ಎಂದು ನನಗನಿಸುತ್ತದೆ. ಬಿಸಿ ಪಾತ್ರೆ ಇಡುವ ಸಿಂಬೆಯೊಂದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಉಣ್ಣೆಯ ಪ್ರತಿಯೊಂದು ಎಳೆಯ ಮೈಮೇಲೆ, ಮಾಡಿಗೆ ಹೆಂಚು ಹೊದೆಸಿದ ರೀತಿಯಲ್ಲಿ, ಒಂದರ ಮೇಲೊಂದು ಬಿದ್ದ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಎಳೆ ಉಬ್ಬಿ ಈ ಹುರುಪೆಗಳು ಏಳುತ್ತವೆ. ಸಾಬೂನು ಎಳೆಗಳು ಜಾರುವಂತೆ ಮಾಡುತ್ತದೆ. ತಿಕ್ಕಿದಾಗ ಎಳೆಗಳು ಒಂದೇ ದಿಕ್ಕಿಗೆ ಸರಿಯುತ್ತ, ಹಿಂದಕ್ಕೆ ಬರಲಾಗದೆ ಪರಸ್ಪರ ಸಿಕ್ಕಿಕೊಳ್ಳುತ್ತವೆ. ಹೀಗೆ ಕುಗ್ಗಿದ್ದನ್ನು ಮತ್ತೆ ಬಿಚ್ಚಲು ಬರುವುದಿಲ್ಲ.

ಹುರುಪೆಯೇ ಇಲ್ಲದ ಅಕ್ರಿಲಿಕ್ ಎಂಬ ಕೃತಕ ನೂಲನ್ನು ದಿನವಿಡೀ ತಿಕ್ಕಿದರೂ ಫಲವಿಲ್ಲ. ನಮ್ಮ ಪೇಟೆಗಳಲ್ಲಿ ‘ಉಲ್ಲನ್’ ಎಂದು ಮಾರುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್ಕೇ ಆಗಿರುತ್ತವೆ. ಅಂಗಡಿಯವರ ಮಾತು ನಂಬಿ ತಂದ ನಾಲ್ಕು ಉಂಡೆಗಳ ಮೇಲೆ ನಾನು ಒಂದು ಇಡೀ ಭಾನುವಾರವನ್ನು ಕಳೆದುಕೊಂಡಿದ್ದೇನೆ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗುವ ನೂಲಿನ ಸಿಂಬೆಯ ಮೇಲೆ ಒಲೆಯಿಂದ ಇಳಿಸಿದ ಪಾತ್ರೆಯನ್ನು ಇಡುವುದು ಅಪಾಯವೂ ಹೌದು. ಉಂಡೆಯ ಚೀಟಿಯಲ್ಲಿ ‘ಸೂಪರ್‌ವಾಶ್’ ಎಂದಿದ್ದರೆ ಅದು ಶುದ್ಧ ಉಣ್ಣೆಯೇ ಆಗಿದ್ದರೂ ಕುಗ್ಗದಂತೆ ಸಂಸ್ಕರಿಸಿದ್ದು, ಆದ್ದರಿಂದ ಬೇಡ.

ಸಿಂಬೆಗೆ ಕೈಹಾಕುವ ಮೊದಲು 20 ಸೆಂಟಿಮೀಟರ್ ಚೌಕದ ಮಾದರಿ ತುಂಡೊಂದನ್ನು ಮಾಡಿ, ಅಳತೆ ಬರೆದಿಟ್ಟುಕೊಂಡು, ಅದನ್ನೇ ಮೊದಲು ಫೆಲ್ಟ್ ಮಾಡಬೇಕು. ಚೀಟಿಯಲ್ಲಿ 4 ಮಿಲಿಮೀಟರ್ ಕಡ್ಡಿ ಎಂದಿದ್ದರೆ 6 ಮಿಲಿಮೀಟರಿನದನ್ನು ಬಳಸಿ ಸಡಿಲವಾಗಿ ಹೆಣೆಯಿರಿ. ಎಳೆಗಳಿಗೆ ಸರಿದಾಡಲು ಜಾಗ ಬೇಕು. ಹೆಣಿಗೆಯ ತುಂಡು ಸಾಮಾನ್ಯವಾಗಿ ಅಗಲಕ್ಕಿಂತ ಎತ್ತರದಲ್ಲಿ ಹೆಚ್ಚು ಕುಗ್ಗುತ್ತದೆ. ಕ್ರೋಶಾ ಮೊದಲೇ ದಟ್ಟವಾಗಿರುವುದರಿಂದ ಅಷ್ಟು ಕುಗ್ಗುವುದಿಲ್ಲ, ಆದರೆ ಬಹಳ ಗಡುಸಾಗುತ್ತದೆ. ಸಿಂಬೆಗೆ ಆ ಗಡುಸುತನವೇ ಬೇಕಾದದ್ದು.

ಸಿಂಬೆಗಾಗಿ 60 ಸೆಂಟಿಮೀಟರ್ ಉದ್ದದ ಚೈನ್ (ಕುಣಿಕೆಗಳ ಸರಪಳಿ) ಹಾಕಿ, ತಿರುಚಿಕೊಳ್ಳದಂತೆ ಎರಡು ತುದಿಗಳನ್ನು ಕೂಡಿಸಿ, 12 ಸೆಂಟಿಮೀಟರ್ ಎತ್ತರ ಬರುವವರೆಗೆ ಸುತ್ತಲೂ ಸಿಂಗಲ್ ಕ್ರೋಶಾ (ಕ್ರೋಶಾದ ಸರಳವಾದ ಗಿಡ್ಡ ಕುಣಿಕೆ) ಹಾಕುತ್ತ ಹೋಗಬೇಕು. ಅನಂತರ ಮೇಲಿನ ಅಂಚನ್ನು ಹೊರಕ್ಕೆ ಮಡಚಿ ಕೆಳಗಿನ ಅಂಚಿಗೆ ಅದೇ ನೂಲಿನಿಂದ ಹೊಲಿಯುತ್ತ, ಒಳಗೆ ಉಳಿದ ಉಣ್ಣೆಯ ಚೂರುಗಳನ್ನು ತುಂಬುತ್ತ ಬಂದರೆ ಬಳೆಯಂತಹ ಕೊಳವೆ ಸಿದ್ಧವಾಗುತ್ತದೆ. ಹತ್ತಿಯ ದಾರದಿಂದ ಹೊಲಿಯಬಾರದು; ಅದು ಕುಗ್ಗದೆ ಕುಣಿಕೆಯಾಗಿ ಹೊರಗೆ ಉಳಿಯುತ್ತದೆ.

ಇದಕ್ಕೆ ಬಚ್ಚಲ ಹಂಡೆಯ ನೀರು ಹೇಳಿ ಮಾಡಿಸಿದಂತಿದೆ. ಕೈ ಅದ್ದಿದರೆ ಬೇಗ ತೆಗೆಯಬೇಕೆನಿಸುವಷ್ಟು ಬಿಸಿ ಇರಲಿ, ರಬ್ಬರಿನ ಕೈಗವಸು ಹಾಕಿಕೊಳ್ಳಿ. ಬಟ್ಟೆ ಒಗೆಯುವ ಬಾರ್ ಸಾಬೂನನ್ನು ತುರಿದು ಕರಗಿಸಿಕೊಂಡರೆ ಸಾಕು. ಅಂಟುವಾಳದ ನೊರೆಯನ್ನು ಇಲ್ಲಿ ಬಳಸಬೇಡಿ. ಅದು ಉಣ್ಣೆಗೆ ಮೃದುವಾದ್ದರಿಂದ, ಕುಗ್ಗಬಾರದ ಶಾಲನ್ನು ತಣ್ಣೀರಿನಲ್ಲಿ ತೊಳೆಯಲು ಇಟ್ಟುಕೊಳ್ಳಿ. ಮೊದಲ ಐದು ನಿಮಿಷ ಬರಿದೇ ಒತ್ತಿ ಬಿಡಬೇಕು, ಅನಂತರ ಕೋಡುಬಳೆ ಹೊಸೆಯುವಂತೆ ಎರಡು ಅಂಗೈಗಳ ನಡುವೆ ಸುತ್ತಲೂ ಉರುಳಿಸುತ್ತ ಹೋಗಬೇಕು. ಆರಂಭದಲ್ಲಿ ಅದು ಕುಗ್ಗುವ ಬದಲು ಜೋತುಬಿದ್ದು ಇನ್ನಷ್ಟು ದೊಡ್ಡದಾದಂತೆ ಕಾಣುತ್ತದೆ. ಕೆಲಸ ಕೆಟ್ಟಿತೆಂದು ಅಲ್ಲಿಗೇ ಕೈಬಿಡುವವರೇ ಹೆಚ್ಚು. ನೀರು ಆರಿದಂತೆ ಬದಲಾಯಿಸುತ್ತ ಮುಂದುವರಿಸಿದರೆ, ಒಂದು ಹಂತದಲ್ಲಿ ಅಂಗೈ ಕೆಳಗೆ ಅದು ಬಿಗಿಯಾಗಿ, ಮೇಲೆ ನಯವಾದ ಜುಂಗು ಎದ್ದು, ಸಾಲುಗಳು ಮುಚ್ಚಿಹೋಗುತ್ತವೆ. ಗಡಿಯಾರ ನೋಡದೆ ಈ ಲಕ್ಷಣ ನೋಡಿ ನಿಲ್ಲಿಸಬೇಕು.

ವಾಷಿಂಗ್ ಮಷಿನ್‌ನಲ್ಲೂ ಇದು ಸಾಧ್ಯ: ದಿಂಬಿನ ಚೀಲದಲ್ಲಿ ಕಟ್ಟಿ, ಹಳೆಯ ಜೀನ್ಸ್ ಜೊತೆಗೆ ಹಾಕಿದರಾಯಿತು. ಆದರೆ ಮುಂದೆ ಬಾಗಿಲಿರುವ ಮಷಿನ್‌ಗಳನ್ನು ನಡುವೆ ತೆರೆದು ನೋಡುವುದು ಕಷ್ಟವಾದ್ದರಿಂದ ನಾನು ಕೈಯನ್ನೇ ನಂಬುತ್ತೇನೆ.

ಮುಗಿದ ಮೇಲೆ ಸಾಬೂನು ಹೋಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಬೇಕು. ಹಿಂಡಿದರೆ ಬೀಳುವ ಮಡಿಕೆ ಹಾಗೆಯೇ ಉಳಿದೀತು. ಸರಿಹೊಂದುವ ಚೊಂಬಿನ ಸುತ್ತ ಕೂರಿಸಿದರೆ ನಡುವಿನ ತೂತು ದುಂಡಗೆ ನಿಲ್ಲುತ್ತದೆ. ಬಿಸಿಲಿನ ದಿನಗಳಲ್ಲಿ ಒಣಗಲು ಎರಡು ದಿನ ಸಾಕು. ಮಳೆಗಾಲದಲ್ಲಿ ಮಾತ್ರ ಬಚ್ಚಲ ಒಲೆಯ ಮೇಲಿನ ಅಟ್ಟವೇ ಗತಿ, ಹೊಗೆಯ ವಾಸನೆ ಹಿಡಿದರೂ ಬೂಷ್ಟು ಹಿಡಿಯುವುದಿಲ್ಲ. ಹೊರಮೈ ಒಣಗಿದಂತೆ ಕಂಡರೂ ಮೋಸಹೋಗದೆ ಸಿಂಬೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಒಳಗಿನ ಚೂರುಗಳು ಇನ್ನೂ ಒದ್ದೆಯಾಗಿವೆ ಎಂದು ತಿಳಿದು ಮತ್ತೊಂದು ದಿನ ಅಟ್ಟದ ಮೇಲೆಯೇ ಬಿಡಬೇಕು.